ಉಡಿ ತುಂಬಿಸಿಕೊಂಡ ಓಮ್ನಿ

ನ್ಯಾಮತಿಯ ಮೂಕಪ್ಪನಿಗೆ ಆ ಹೆಸರಿಟ್ಟ ಹಿರಿಯರು ಅವನು ಮಾತು ಕಲಿಯುವವರೆಗಾದರೂ ಕಾಯಬೇಕಿತ್ತು ಎಂದು ಊರವರು ನಗುತ್ತಿದ್ದರು. ಬೆಳಿಗ್ಗೆ ಬಾಯಿ ತೆರೆದರೆ ಉಂಡು ಮಲಗುವವರೆಗೂ ಮುಚ್ಚುವ ಮನುಷ್ಯನಲ್ಲ. ಆಡುವ ಮಾತೆಲ್ಲ ಕಾರುಗಳದ್ದು. ಪ್ರಾಯದಿಂದಲೂ ಬಾಡಿಗೆ ಕಾರು ಓಡಿಸಿ ಮನೆ ನಡೆಸಿದವನು. ಮೊದಲು ಅಂಬಾಸಿಡರ್, ಆಮೇಲೆ ಪದ್ಮಿನಿ, ಅದಾದ ಮೇಲೆ ಜೀಪು, ಟ್ರ್ಯಾಕ್ಸು, ಕೊನೆಗೆ ಈಗ ಅಂಗಳದಲ್ಲಿ ನಿಂತಿರುವ ಬಿಳಿ ಓಮ್ನಿ. ಆ ಮನೆಯಲ್ಲಿ ಇಸವಿ ಯಾರಿಗೂ ಬೇಕಿರಲಿಲ್ಲ. ಮದುವೆಯಾಗಿದ್ದು ಅಂಬಾಸಿಡರಿನಲ್ಲಿ, ಬಾವಿ ಬತ್ತಿದ್ದು ಪದ್ಮಿನಿಯಲ್ಲಿ, ಮಗ ನಿಂಗರಾಜ ಹುಟ್ಟಿದ್ದು ಜೀಪಿನಲ್ಲಿ.

ಸೊಸೆ ಅರುಣಾಳಿಗೆ ಈ ಲೆಕ್ಕ ಅಭ್ಯಾಸವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅವಳು ಜಗಳೂರು ಕಡೆಯ ಹುಡುಗಿ. ಅವಳ ತವರುಮನೆಯ ಪಕ್ಕದ ದಾಸಪ್ಪನ ಹಿತ್ತಿಲಲ್ಲೇ ಮೂಕಪ್ಪ ಮಾರಿದ ಪದ್ಮಿನಿ ಚಕ್ರ ಕಳಚಿಕೊಂಡು ಕೂತಿತ್ತು. ಒಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅವ್ವನಿಗೆ ಹುಷಾರಿಲ್ಲದೆ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಅರುಣಾ, ಓರಗೆಯವರೆಲ್ಲ ಪುಸ್ತಕ ಹಿಡಿದು ಹೋದ ಮೇಲೆ ಆ ಕಾರಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದಳು. ವರ್ಷಕ್ಕೊಮ್ಮೆ ಪದ್ಮಿನಿಯನ್ನು ನೋಡಿಕೊಂಡು ಹೋಗಲು ಮೂಕಪ್ಪ ಬಸ್ಸು ಹತ್ತಿ ಬರುತ್ತಿದ್ದ. ಹಾಗೆ ಬಂದಾಗ ಪಕ್ಕದ ಮನೆಯ ಹುಡುಗಿ ಕಣ್ಣಿಗೆ ಬಿದ್ದಳು. ಮಗಳನ್ನು ನೋಡಲು ಹೋಗಿ ಸೊಸೆಯನ್ನು ತಂದೆ ಎಂದು ಅವನು ಇಂದಿಗೂ ಎಲ್ಲರಿಗೂ ಹೇಳುತ್ತಾನೆ.

ಮಗಳು ಎಂದದ್ದು ತಮಾಷೆಗಲ್ಲ. ಮೂಕಪ್ಪ ಅಂಬಾಸಿಡರ್ ಮಾರಿದ ದಿನ ಹೆಂಡತಿ ಸಾವಂತ್ರಮ್ಮನಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಕಾರು ಹೊರಡುವ ಹೊತ್ತಿಗೆ ಅವಳಿಗೆ ಅಳು ತಡೆಯಲಾಗದೆ, ಒಳಗಿಂದ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತಂದು ಸೀಟಿನ ಮೇಲಿಟ್ಟು ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವಂತೆ ಉಡಿ ತುಂಬಿದಳು. ಬೀದಿಯವರು ನಕ್ಕರು. ಅಂದಿನಿಂದ ಅದೇ ಪದ್ಧತಿಯಾಯಿತು. ಕಾರನ್ನು ದಲ್ಲಾಳಿಯ ಕೈಗೆ ಕೊಡುವುದಿಲ್ಲ. ಕೊಳ್ಳುವವರು ಮನೆಗೆ ಬಂದು ನೋಡಬೇಕು. ಒಪ್ಪಿಗೆಯಾದರೆ ಎಲೆ ಅಡಿಕೆ ಬದಲಾಯಿಸಬೇಕು. ಆಮೇಲೆ ಮೂಕಪ್ಪ ತಾನೇ ಓಡಿಸಿಕೊಂಡು ಹೋಗಿ ಅವರ ಮನೆ ತುಂಬಿಸಿ, ಉಂಡು, ಬಸ್ಸಿಗೆ ವಾಪಸು ಬರಬೇಕು.

ಈ ವರ್ಷ ಬೇಸಿಗೆಯಲ್ಲಿ ಓಮ್ನಿಯ ಸರದಿ ಬಂತು. ಮೂಕಪ್ಪನ ಕಣ್ಣಿಗೆ ಪೊರೆ ಬಂದು ಡಾಕ್ಟರು ಗಾಡಿ ಮುಟ್ಟಬೇಡಿ ಎಂದಿದ್ದರು. ನಿಂಗರಾಜನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ. ಅದನ್ನು ಮನೆಯ ಅಂಗಳಕ್ಕೇ ತಂದು ಒಂದು ಶೆಟರು ಹಾಕಿಸಬೇಕೆಂದು ಅವನ ಆಸೆ. ಓಮ್ನಿ ಎದ್ದರೆ ತಾನೇ ಜಾಗ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

"ಓಡ್ಸೋರಿಲ್ಲದ ಗಾಡಿ ಯಾಕಪ್ಪ ಇಟ್ಕಂಡು ಕುಂದ್ರಬೇಕು? ಕೋಳಿ ಸಾಕಾಕಾ?"

"ಓಡ್ಸೋನು ಮನೇಲಿ ಒಬ್ಬ ಇರ್ಬೇಕಿತ್ತು," ಎನ್ನುತ್ತಿದ್ದ ಮೂಕಪ್ಪ, ಮುದ್ದೆ ಮುರಿಯುತ್ತ. "ಇರೋನು ಬೈಕಿನ ಹುಚ್ಚಿಗೆ ಬಿದ್ದ."

ಅಲ್ಲಿಗೆ ನಿಂಗರಾಜ ಕೈ ತೊಳೆದು ಏಳುತ್ತಿದ್ದ. ಟ್ಯಾಕ್ಸಿ ಮೂಕಪ್ಪನ ಮಗನಿಗೆ ಕಾರು ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅಪ್ಪ ಸಂತೆ ಮೈದಾನದಲ್ಲಿ ಕಲಿಸಲು ಕೂತಿದ್ದ. ಗಾಡಿ ಜಗ್ಗಿ ನಿಂತಾಗಲೆಲ್ಲ ಎಮ್ಮೆ, ಕೋಣ ಎಂದು ಸಂತೆಗೆಲ್ಲ ಕೇಳುವಂತೆ ಬೈದ. ಹುಡುಗ ಬಾಗಿಲು ತೆರೆದಿಟ್ಟೇ ಇಳಿದು ಮನೆಗೆ ನಡೆದ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಓಮ್ನಿಯನ್ನು ನೋಡಲು ಜನ ಬರತೊಡಗಿದರು. ಅರುಣಾಳಿಗೆ ಉಪ್ಪಿಟ್ಟಿನ ಮೇಲೆ ಉಪ್ಪಿಟ್ಟು. ಬಂದವರಿಗೆಲ್ಲ ಮೂಕಪ್ಪ ಅಂಬಾಸಿಡರಿನಿಂದ ಶುರು ಮಾಡುತ್ತಿದ್ದ. ಅದರ ಮುಂದಿನ ಸೀಟಿನಲ್ಲಿ ಮೂವರು ಕೂತು ನಾಲ್ಕನೆಯವನು ಡ್ರೈವರಿನ ಬಲಗಡೆ ತೂಗಾಡಿಕೊಂಡು ಶಿವಮೊಗ್ಗಕ್ಕೆ ಹೋಗುತ್ತಿದ್ದುದು. ಪದ್ಮಿನಿಯಲ್ಲಿ ಮದುಮಗನನ್ನು ಕೂರಿಸಿ, ದಾರಿಯಲ್ಲಿ ಅವನು ಅತ್ತಿದ್ದನ್ನು ಕನ್ನಡಿಯಲ್ಲಿ ನೋಡಿ ಯಾರಿಗೂ ಹೇಳದೇ ಇದ್ದದ್ದು. ಜೀಪಿನ ಮೇಲ್ಛಾವಣಿಗೆ ಟಗರು ಹತ್ತಿಸಿದ್ದು, ಹೊನ್ನಾಳಿಯಲ್ಲಿ ಇಳಿಸುವಾಗ ಅದು ಟಿಕೆಟ್ಟಿಲ್ಲದೆ ಇನ್ನೊಂದು ಜೀಪು ಹತ್ತಿದ್ದು. ಟ್ರ್ಯಾಕ್ಸಿಗೆ ಬರುವ ಹೊತ್ತಿಗೆ ಬಂದವರ ಉಪ್ಪಿಟ್ಟು ಆರಿರುತ್ತಿತ್ತು.

ಹೊನ್ನಾಳಿಯಿಂದ ಬಂದ ಮೊದಲನೆಯವನು ಮಾತು ಕೇಳುತ್ತಲೇ ಎದ್ದು ಹೋಗಿ ಓಮ್ನಿಯ ಟೈರಿಗೆ ಕಾಲಿನಿಂದ ಎರಡು ಸಲ ಒದ್ದು ನೋಡಿದ. ಮೂಕಪ್ಪ ಅಲ್ಲಿಗೇ ಮಾತು ನಿಲ್ಲಿಸಿದ.

"ಹೆಣ್ಣು ನೋಡಾಕೆ ಬಂದೋರು ಒದ್ದು ನೋಡ್ತಾರೇನ್ರೀ? ಕೈ ತೊಳ್ಕಳ್ರಿ, ಉಪ್ಪಿಟ್ಟು ಆತಲ್ಲ."

ಎರಡನೆಯವನು ಜಗಳೂರಿನವನು. ಹಿಂದಿನ ಸೀಟು ಕಿತ್ತು ಫಾರಂ ಕೋಳಿ ಸಾಗಿಸಬೇಕೆಂದ. ಒಬ್ಬಳು ಆಗಲೇ ನಿಮ್ಮೂರಿನಲ್ಲಿ ಕೋಳಿ ಸಾಕುತ್ತಿದ್ದಾಳೆ, ಇವಳಿಗೂ ಅದೇ ಗತಿ ಬೇಡ ಎಂದು ಮೂಕಪ್ಪ ಕೈಮುಗಿದ. ಮೂರನೆಯವನಲ್ಲಿ ಮಾತ್ರ ಹುಡುಕಿದರೂ ಐಬಿರಲಿಲ್ಲ. ಮೇಷ್ಟ್ರು, ಮೃದು ಮಾತಿನವರು. ಮೂಕಪ್ಪ ಅವರಿಗೆ, ಈ ಗಾಡಿ ಮಂಗಳವಾರ ಸ್ಟಾರ್ಟ್ ಆಗುವುದಿಲ್ಲ ಎಂದು ಮುಖ ಸಪ್ಪಗೆ ಮಾಡಿ ಹೇಳಿಬಿಟ್ಟ. ಮೇಷ್ಟ್ರು ಚಹಾ ಕುಡಿದು ಹೊರಟರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅರುಣಾಳಿಗೆ ಆಗ ಹೊಳೆಯಿತು: ಮಾವ ಬೇಕೆಂದೇ ವ್ಯಾಪಾರ ಕೆಡಿಸುತ್ತಿದ್ದಾನೆ, ಅದೂ ತನಗಾಗಿ.

ಯಾಕೆಂದರೆ ಅವರಿಬ್ಬರ ನಡುವೆ ಒಂದು ಗುಟ್ಟಿತ್ತು. ಗಾಡಿ ನಿಂತೇ ಇದ್ದರೆ ಬ್ಯಾಟರಿ ಸಾಯುತ್ತದೆ, ದಿನಕ್ಕೊಂದು ಸುತ್ತು ಹಾಕಬೇಕು, ತನಗೆ ಕಣ್ಣು ಮಬ್ಬು, ಸೊಸೆ ಪಕ್ಕದಲ್ಲಿ ಕೂತು ದಾರಿ ಹೇಳಲಿ ಎಂದು ಮೂಕಪ್ಪ ಮನೆಯಲ್ಲಿ ಹೇಳಿದ್ದ. ಓಮ್ನಿ ಅಂಗಳದಿಂದ ಆಮೆಯಂತೆ ಹೊರಟು ಬೀದಿಯ ತಿರುವು ದಾಟುತ್ತಿತ್ತು. ತಿರುವಿನಾಚೆ ಹುಣಸೇಮರದ ಕೆಳಗೆ ಇಬ್ಬರೂ ಇಳಿದು ಜಾಗ ಬದಲಾಯಿಸುತ್ತಿದ್ದರು. ಅಲ್ಲಿಂದ ಅರುಣಾಳ ಕೈ.

ಮೂಕಪ್ಪ ಪಾಠ ಹೇಳುತ್ತಿದ್ದುದೂ ಹಳೆಯ ಕಾರುಗಳ ನೆನಪಿನಲ್ಲೇ. ಏರಿನಲ್ಲಿ ನಿಲ್ಲಿಸಿ ಎತ್ತುವುದನ್ನು ಅಂಬಾಸಿಡರಿನ ಕಥೆ ಹೇಳಿ ಕಲಿಸಿದ, ಸಂದಿಯಲ್ಲಿ ಹಿಂದಕ್ಕೆ ತೆಗೆಯುವುದನ್ನು ಪದ್ಮಿನಿಯ ಕಥೆಯಲ್ಲಿ. ಅರುಣಾ ತಪ್ಪಿದರೆ ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಲದ ಕಡೆ ನೋಡುತ್ತಿದ್ದ. ಒಂದು ದಿನ ಕಣ್ಣು ತೋರಿಸುವ ನೆಪ ಮಾಡಿ ಅವಳನ್ನು ಬಸ್ಸಿನಲ್ಲಿ ದಾವಣಗೆರೆಗೆ ಕರೆದುಕೊಂಡು ಹೋಗಿ ಎಲ್.ಎಲ್., ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಿ ತಂದ. ಇನ್ನು ಟೆಸ್ಟು. ಅದರ ದಿನ ಆಷಾಢದ ನಡುವಿಗೆ ಬಿತ್ತು.

ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಹತ್ತಿರ, ನೀನು ಪಾಸಾದೆ ಎಂದು ಹೇಳುವ ಕಾಗದ ಒಂದೂ ಇರಲಿಲ್ಲ. ಲೈಸೆನ್ಸು ಬಂದರೆ ಅದೇ ಮೊದಲನೆಯದು. ಯಾರಿಗೂ ಹೇಳದ ಈ ಆಸೆ ಅವಳಿಗೆ ರೊಟ್ಟಿ ತಟ್ಟುವಾಗಲೂ ಒಳಗೇ ಕುಣಿಯುತ್ತಿತ್ತು. ಆದರೆ ಓಡಿಸಿ ಕಲಿಯಲು, ಟೆಸ್ಟಿಗೆ ಒಯ್ಯಲು ಓಮ್ನಿ ಅಲ್ಲಿಯವರೆಗೆ ಮನೆಯಲ್ಲಿರಬೇಕಿತ್ತು.

ಆಗಿದ್ದೇ ಬೇರೆ. ಮೂಕಪ್ಪ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಹೋಗಿದ್ದ ದಿನ ಚನ್ನಗಿರಿಯಿಂದ ಬೀರಲಿಂಗಪ್ಪ ಬಂದ. ಮದುವೆಮನೆಗಳಿಗೆ ಅಡುಗೆ ಮಾಡಿಸುವ ಕಂಟ್ರಾಕ್ಟಿನವನು, ಪಾತ್ರೆ ಸಾಗಿಸಲು ಗಾಡಿ ಬೇಕಿತ್ತು. ಚಪ್ಪಲಿ ಬಾಗಿಲಲ್ಲೇ ಬಿಟ್ಟ, ಓಮ್ನಿಯ ಬಾಗಿಲನ್ನು ಮೆಲ್ಲಗೆ ಸರಿಸಿ ಮೆಲ್ಲಗೆ ಮುಚ್ಚಿದ. ಸಾವಂತ್ರಮ್ಮ ಅಷ್ಟಕ್ಕೇ ಒಲಿದುಬಿಟ್ಟಳು. ಬಾಯಿ ಬಿಟ್ಟು ಹೇಳಲಾರದ ಅರುಣಾ ಮಾಡಿದ್ದಿಷ್ಟೇ, ಉಪ್ಪಿಟ್ಟಿಗೆ ಎರಡನೇ ಸಲ ಉಪ್ಪು ಹಾಕಿದಳು. ನಿಂಗರಾಜ ಒಂದು ತುತ್ತಿಗೇ ನೀರು ಕುಡಿದ. ಬೀರಲಿಂಗಪ್ಪ ಮಾತ್ರ ಪೂರ್ತಿ ತಿಂದು ತಟ್ಟೆ ಕೆಳಗಿಟ್ಟ.

"ಉಪ್ಪು ಮುಂದಾಗೈತೆ," ಎಂದ. "ನಾನು ಅಡುಗೆಯೋನು, ತಪ್ಪಿ ಬಿದ್ದ ಉಪ್ಪು ಗೊತ್ತಾಗ್ತೈತೆ. ಇದು ತಪ್ಪಿ ಬಿದ್ದಿದ್ದಲ್ಲ."

ಸಾವಂತ್ರಮ್ಮನಿಗೆ ಅದರ ಅರ್ಥ ಆಗಲಿಲ್ಲ. ಎಲೆ ಅಡಿಕೆ ಬದಲಾಯಿತು. ಅಮಾವಾಸ್ಯೆ ಕಳೆದರೆ ಆಷಾಢ, ಆಷಾಢದಲ್ಲಿ ಹೆಣ್ಣು ಕಳಿಸುವುದಿಲ್ಲ, ಅದಕ್ಕೆ ಎರಡು ದಿನ ಮೊದಲೇ ತಂದು ಮನೆ ತುಂಬಿಸುತ್ತೇವೆ ಎಂದು ಅವಳೇ ದಿನ ಗೊತ್ತು ಮಾಡಿದಳು.

ಮೂಕಪ್ಪ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮರಳಿ ಬಂದು ಸುದ್ದಿ ಕೇಳಿದ. ಎಲೆ ಅಡಿಕೆ ಆದ ಮೇಲೆ ಮಾತು ಮುರಿಯುವಂತಿಲ್ಲ. ಸುಮ್ಮನೆ ಉಣ್ಣಲು ಕೂತ. ಆ ಮನೆಯಲ್ಲಿ ಅಷ್ಟು ಸದ್ದಿಲ್ಲದ ಊಟ ಹಿಂದೆ ಆಗಿರಲಿಲ್ಲ. ಹುರುಳಿಕಾಳಿನ ಸಾರು ಬಡಿಸುವಾಗ ಸಾವಂತ್ರಮ್ಮನೇ ಕೇಳಿದಳು, ಕಣ್ಣು ಹಿಂಗಿರುವಾಗ ಚನ್ನಗಿರಿಗೆ ಓಡಿಸಿಕೊಂಡು ಹೋಗುವವರು ಯಾರು ಎಂದು. ನಿಂಗರಾಜ ಯಾರಾದರೂ ಡ್ರೈವರನ್ನು ಕರೆಯೋಣವೆಂದ.

"ಬಾಡಿಗೆ ಡ್ರೈವರ್ ಕೈಯಾಗೆ ಹೆಣ್ಣು ಕಳಿಸ್ತಾರೇನೋ? ಮನೆಯೋರೇ ಹೋಗ್ಬೇಕು," ಎಂದಳು ಸಾವಂತ್ರಮ್ಮ.

ಮುದ್ದೆಯ ತಟ್ಟೆ ಹಿಡಿದು ನಿಂತಿದ್ದ ಅರುಣಾ ತಟ್ಟೆ ಕೆಳಗಿಟ್ಟಳು. ಈಗ ಬಿಟ್ಟರೆ ಮತ್ತೆ ಈ ಮಾತಿಗೆ ಜಾಗವಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನಾನು ಓಡಿಸ್ತೀನಿ ಅತ್ತೆ," ಎಂದಳು.

ಮೂವರೂ ತಲೆ ಎತ್ತಿದರು. ಮೂಕಪ್ಪ ಒಂದೇ ಉಸಿರಿಗೆ ಹುಣಸೇಮರ, ಬ್ಯಾಟರಿ, ದಾವಣಗೆರೆ ಎಲ್ಲ ಹೇಳಿಬಿಟ್ಟ. ಸಾವಂತ್ರಮ್ಮ ಸೌಟು ಹಿಡಿದೇ ಕೂತಳು. ನಿಂಗರಾಜನ ಮುಖ ಕೆಂಪಾಯಿತು. ಆದರೆ ಅವನು ಕೇಳಿದ್ದು ಹೆಂಡತಿಯನ್ನಲ್ಲ, ಅಪ್ಪನನ್ನು.

"ಇವಳು ಗಾಡಿ ಜಗ್ಗಿ ನಿಲ್ಸಿದಾಗ ಏನಂದೆ?"

"ಏನೂ ಅನ್ಲಿಲ್ಲ."

"ನನಗೆ ಮಾತ್ರ ಸಂತೆಯೋರ ಎದುರಿಗೆ ಕೋಣ ಅಂದೆ."

"ಸೊಸೆಗೆ ಬೈಯಾಕೆ ಬರ್ತೈತೇನೋ? ಬಾಯಿಗೆ ಬಂದಿದ್ದೆಲ್ಲ ಟವೆಲ್ಲಿಗೆ ಕಚ್ಚಿದೆ, ನೋಡು." ಅವನು ಟವೆಲ್ಲು ಬಿಡಿಸಿ ತೋರಿಸಿದ. ಅಂಚಿನುದ್ದಕ್ಕೂ ತೂತು.

ಸಾವಂತ್ರಮ್ಮ ಸೌಟು ಕೆಳಗಿಟ್ಟಳು. "ಅದು ನಿಮ್ಮ ಹಲ್ಲಾ? ನಾನು ಇಲಿ ಅಂದ್ಕಂಡು ಟ್ರಂಕಿನ ಹಿಂದೆಲ್ಲ ಪಾಷಾಣ ಇಟ್ಟೀನಲ್ರೀ."

ಅರುಣಾಳಿಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಿಂಗರಾಜ ನಗಲಿಲ್ಲ. ಅಂದಿನಿಂದ ಅವಳೊಡನೆ ಮಾತು ಕಡಿಮೆಯಾಯಿತು. ಕೇಳಿದ್ದಕ್ಕೆ ಹೂಂ, ಉಹೂಂ. ಅಂಗಡಿಗೆ ಬುತ್ತಿ ಕಟ್ಟಿಸಿಕೊಳ್ಳದೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದು, ಹೊಟ್ಟೆ ಉರಿ ಎಂದು ಮಜ್ಜಿಗೆ ಕೇಳುತ್ತಿದ್ದ. ಅರುಣಾ ಮಜ್ಜಿಗೆ ಕೊಡುತ್ತಿದ್ದಳು. ಅವನ ಸಿಟ್ಟು ತನ್ನ ಮೇಲಲ್ಲ ಎಂದು ಅವಳಿಗೆ ತಿಳಿದಿತ್ತು, ಅದಕ್ಕೇ ಜಗಳ ತೆಗೆಯಲಿಲ್ಲ. ಸಾವಂತ್ರಮ್ಮನದು ಬೇರೆ ಚಿಂತೆ. ಸೊಸೆ ಡ್ರೈವರಾದರೆ ಬೀದಿಯವರು ಏನೆನ್ನುತ್ತಾರೆ ಎಂದು ಎರಡು ದಿನ ಗೊಣಗಿದಳು. ಮೂರನೆಯ ದಿನ ತಾನೇ ಬೀದಿಯವರ ಮನೆಗಳಿಗೆ ಹೋಗಿ, ನಮ್ಮ ಸೊಸೆ ಚನ್ನಗಿರಿವರೆಗೂ ಓಡಿಸುತ್ತಾಳೆ ಎಂದು ಹೇಳಿ ಬಂದಳು.

ಹೊರಡುವ ದಿನ ಓಮ್ನಿಗೆ ತಲೆ ಮೇಲಿಂದ ನೀರು ಹಾಕಿ, ಅರಿಸಿನ ಕುಂಕುಮ ಹಚ್ಚಿ, ಮುಂದಿನ ಸೀಟಿನ ಮೇಲೆ ಉಡಿ ತುಂಬಿದರು. ಹಿಂದೆ ಮುಂದೆ ಕೆಂಪು ಎಲ್ ಬೋರ್ಡು. ನಿಂಗರಾಜ ಬರುವುದಿಲ್ಲ ಎಂದಿದ್ದವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಯಾರ ಕಡೆಗೂ ನೋಡದೆ ಹಿಂದಿನ ಸೀಟಿನ ಮೂಲೆಗೆ ಕೂತ. ಪಟ್ಟಿ ಬಿಚ್ಚಿದ್ದ ಮೂಕಪ್ಪ ಕಪ್ಪು ಕನ್ನಡಕ ಹಾಕಿಕೊಂಡು, ಉಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸೊಸೆಯ ಪಕ್ಕ ಕೂತ. ಸಾವಂತ್ರಮ್ಮ ನಿಂಬೆಹಣ್ಣನ್ನೂ ಒಂದು ಪ್ಲಾಸ್ಟಿಕ್ ಕವರನ್ನೂ ಕೈಯಲ್ಲಿ ಹಿಡಿದಿದ್ದಳು. ಕಾರು ಎಂದರೆ ತನಗೆ ಕಾರುವುದೇ ಎಂದು ಅವಳು ಮದುವೆಯಾದಾಗಿನಿಂದ ಹೇಳುತ್ತ ಬಂದವಳು. ಗಂಡನ ಯಾವ ಕಾರಿನಲ್ಲೂ ವಾಂತಿ ಮಾಡದೆ ಊರು ಮುಟ್ಟಿದವಳಲ್ಲ.

ಅರುಣಾ ಹೊರಡಿಸಿದಳು. ಹೊನ್ನಾಳಿ ಬಂತು. ಸೇತುವೆಯ ಬಾಯಲ್ಲಿ ಭತ್ತದ ಲಾರಿಯೊಂದು ಎದುರಿಗೆ ಬಂದು ಹಾರ್ನು ಹೊಡೆಯಿತು. ಕೆಳಗೆ ತುಂಗಭದ್ರೆ ಕೆಂಪಾಗಿ ಹರಿಯುತ್ತಿತ್ತು. ಮೂಕಪ್ಪನ ಕೈ ಟವೆಲ್ಲಿಗೆ ಹೋಯಿತು. ಅರುಣಾ ಎಡಕ್ಕೆ ಒತ್ತಿ, ನಿಲ್ಲಿಸಿ, ಲಾರಿ ಹೋಗಲು ಬಿಟ್ಟು, ಗಾಡಿ ಜಗ್ಗದಂತೆ ಎತ್ತಿದಳು. ಹಿಂದಿನಿಂದ ನಿಂಗರಾಜ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಅವನು ಮೂಲೆಯಿಂದ ಸರಿದು ಸೀಟಿನ ಅಂಚಿಗೆ ಬಂದು, ಅವಳ ಕಾಲಿನ ಕಡೆಗೇ ಕಣ್ಣಿಟ್ಟಿದ್ದ.

ಚನ್ನಗಿರಿಯಲ್ಲಿ ಬೀರಲಿಂಗಪ್ಪನ ಮನೆ ಮುಂದೆ ನಿಂತಾಗ ಸಾವಂತ್ರಮ್ಮ ಕೈಯಲ್ಲಿದ್ದ ಕವರನ್ನು ನೋಡಿದಳು. ಖಾಲಿಯಿತ್ತು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನಿಗೆ ಅಂದಳು, "ಹಂಗಾದ್ರೆ ಐಬು ನನ್ನ ಹೊಟ್ಟೇದಲ್ಲ. ನಿಮ್ಮ ಡ್ರೈವಿಂಗಿಂದು."

ಬೀರಲಿಂಗಪ್ಪನ ತಾಯಿ ಉಡಚಮ್ಮ ಆರತಿ ಹಿಡಿದು ಬಂದಳು. ಡ್ರೈವರಿನ ಬಾಗಿಲಿಂದ ಸೀರೆ ಸರಿಪಡಿಸಿಕೊಳ್ಳುತ್ತ ಇಳಿದವಳನ್ನು ಕಂಡು ಆರತಿಯನ್ನು ಮೊದಲು ಅವಳಿಗೇ ಎತ್ತಿದಳು. ಅಡುಗೆಯವರ ಮನೆ ಊಟ ಕೇಳಬೇಕೆ. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ. ಮೂಕಪ್ಪ ಅಂಬಾಸಿಡರಿನಿಂದ ಶುರು ಮಾಡಿದ. ಆ ಮನೆಯವರು ಕೈ ಒಣಗುವವರೆಗೂ ಎಲೆಯ ಮುಂದೆಯೇ ಕೂತು ಕೇಳಿದರು. ಟಗರಿನ ಕಥೆಯನ್ನು ಉಡಚಮ್ಮ ಎರಡನೇ ಸಲ ಹೇಳಿಸಿದಳು. ಓಮ್ನಿಗೆ ಬಂದಾಗ ಮಾತ್ರ ಮೂಕಪ್ಪ, ಇದರ ಕಥೆ ನನ್ನ ಸೊಸೆ ಹೇಳಬೇಕು, ನನ್ನ ಕೈಯಲ್ಲಿ ಇದು ಬರೀ ಓಡಿದೆ ಎಂದು ನಿಲ್ಲಿಸಿದ. ಅರುಣಾ ಎಲೆ ನೋಡಿಕೊಂಡು ಕೂತಳು.

ಸಾವಂತ್ರಮ್ಮ ತಟ್ಟೆಯಲ್ಲಿ ಬೀಗದ ಕೈ ಇಟ್ಟು ಒಪ್ಪಿಸುವಾಗ ಅವಳ ಕಣ್ಣು ತುಂಬಿತು.

"ಇನ್ನು ನಿಮ್ಮನೆ ಮಗಳು ನೋಡ್ರಿ."

"ಮಗಳಲ್ಲ, ಸೊಸೆ," ಎಂದು ಉಡಚಮ್ಮ ನಕ್ಕಳು. "ಸೊಸೆ ಅಂದ್ರೆ ನನ್ನ ಮಾತು ಕೇಳ್ತಾಳೆ."

ಅರುಣಾ ತಟ್ಟನೆ ತಲೆ ಎತ್ತಿದಳು. ಅಷ್ಟು ಜನರ ನಡುವೆ ತಾನು ಮಾತಾಡುತ್ತಿದ್ದೇನೆ ಎಂಬುದು ಮಾತು ಹೊರಬಿದ್ದ ಮೇಲೆ ಅವಳಿಗೆ ತಿಳಿಯಿತು.

"ಹಂಗಾದ್ರೆ ನೀವು ಅತ್ತೆ ಆದ್ರಿ ಅಲ್ವೇನ್ರೀ ಅಮ್ಮ?"

"ಹೂಂ ಮತ್ತೆ."

"ನಾಡಿದ್ದು ಅಮಾವಾಸ್ಯೆ. ಆಮೇಲೆ ಆಷಾಢ. ಮೊದಲನೇ ಆಷಾಢದಾಗೆ ಅತ್ತೆ ಸೊಸೆ ಒಂದೇ ಬಾಗಿಲು ದಾಟಂಗಿಲ್ಲ. ಸೊಸೆ ತವರಾಗೆ ಇರ್ಬೇಕು."

ಎಲ್ಲರೂ ಸಾವಂತ್ರಮ್ಮನ ಕಡೆ ನೋಡಿದರು. ಇಷ್ಟು ವರ್ಷ ಪದ್ಧತಿ ಹಿಡಿದು ಕೂತವಳು ಅವಳೇ. ಅವಳು ಕುತ್ತಿಗೆಯ ಸರ ಎಳೆದುಕೊಂಡಳು. ಕೊನೆಗೆ, ಪದ್ಧತಿ ಅಂದಮೇಲೆ ಪದ್ಧತಿ, ನಾನು ಹ್ಯಾಗೆ ಮರೆತೆ ಎಂದು ತನಗೇ ಹೇಳಿಕೊಂಡಳು.

ಬೀರಲಿಂಗಪ್ಪ ಅರುಣಾಳನ್ನೇ ನೋಡುತ್ತಿದ್ದ. "ಆವತ್ತು ಉಪ್ಪಿಟ್ಟಿಗೆ ಉಪ್ಪು ಹಾಕಿದ್ದು ನೀವಲ್ವೇನಮ್ಮ?"

"ಹೂಂ ಅಣ್ಣ."

"ಯಾಕೆ?"

"ಟೆಸ್ಟ್ ಐತೆ. ಲೈಸೆನ್ಸಿಂದು. ಆಷಾಢದ ನಡುವೆ. ಗಾಡಿ ಬೇಕು."

ಬೀರಲಿಂಗಪ್ಪ ತಾಯಿಯ ಕಡೆ ತಿರುಗಿದ. ಆಷಾಢದಲ್ಲಿ ಮದುವೆಯಿಲ್ಲ, ತನ್ನ ಕೊಪ್ಪರಿಗೆ ಸೌಟುಗಳೆಲ್ಲ ಅಟ್ಟದ ಮೇಲೆ, ಗಾಡಿ ಇಲ್ಲಿದ್ದರೂ ನೊಣ ಹೊಡೆಯುತ್ತ ನಿಲ್ಲುವುದೇ ಎಂದ. ಉಡಚಮ್ಮ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದಳು.

"ಮನೆ ತುಂಬಿದ ಸೊಸೆನ ಬರಿಗೈಲಿ ತವರಿಗೆ ಕಳ್ಸಾಕೆ ಆಗಲ್ಲ," ಎಂದು ಎದ್ದು ಹೋಗಿ, ಹೋಳಿಗೆಯ ಡಬ್ಬಿಯನ್ನೂ ಒಂದು ಹಸಿರು ಕುಪ್ಪಸದ ಕಣವನ್ನೂ ತಂದು ಅರುಣಾಳ ಕೈಗಿಟ್ಟಳು. ಅದರ ಮೇಲೆ ಕೀ. "ಶ್ರಾವಣ ಸೋಮವಾರ ಕರ್ಕಂಡು ಬರ್ಬೇಕು. ಪಾಸಾಗಿ ಬಾ. ಇಲ್ಲಾಂದ್ರೆ ಈ ಅತ್ತೆ ಕಾಟ ನಿನಗೂ ತಪ್ಪಿದ್ದಲ್ಲ."

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಬಸ್ಸಿಗೆ ಬರಬೇಕಿದ್ದವರು ಮತ್ತೆ ಓಮ್ನಿಗೇ ಹತ್ತಿದರು. ಮೂಕಪ್ಪ ಮುಂದಿನ ಬಾಗಿಲಿಗೆ ಕೈ ಹಾಕಿದರೆ ನಿಂಗರಾಜ ಆಗಲೇ ಅಲ್ಲಿ ಕೂತಿದ್ದ. ಅಪ್ಪ ಹಿಂದೆ ಅವ್ವನ ಪಕ್ಕ ಕೂರಲಿ, ಅಲ್ಲಿ ಅಗಲವಿದೆ ಎಂದ. ಅರುಣಾ ಗಾಡಿ ಹೊರಡಿಸಿದಳು. ಊರು ದಾಟಿತು. ಮೆಕ್ಕೆಜೋಳದ ಹೊಲಗಳು ಎರಡೂ ಕಡೆ ಮೊಣಕಾಲೆತ್ತರಕ್ಕೆ ಬಂದಿದ್ದವು. ಹಿಂದೆ ಇಬ್ಬರೂ ಹೋಳಿಗೆ ಡಬ್ಬಿ ಬಿಚ್ಚಿಕೊಂಡು, ಟ್ರ್ಯಾಕ್ಸು ಮಾರಿದ್ದು ಹುಣ್ಣಿಮೆಗೋ ಅಮಾವಾಸ್ಯೆಗೋ ಎಂದು ಜಗಳಕ್ಕೆ ಬಿದ್ದಿದ್ದರು.

"ಮುಂದೆ ಬಯಲು ಸಿಕ್ರೆ ನಿಲ್ಸು," ಎಂದ ನಿಂಗರಾಜ, ದಾರಿ ನೋಡುತ್ತಲೇ. ಬಹಳ ದಿನದ ಮೇಲೆ ಅವಳೊಡನೆ ಅವನಾಗಿ ಆಡಿದ ಮೊದಲ ಮಾತು.

"ಯಾಕ್ರೀ?"

"ನನಗೂ ಒಂದು ಸುತ್ತು ತೋರ್ಸು. ಅಪ್ಪನ್ನ ಮಾತ್ರ ಕೆಳಗಿಳ್ಸು."

ಶಾಲೆಯೊಂದರ ಆಟದ ಬಯಲು ಬಂತು. ಭಾನುವಾರ, ಯಾರೂ ಇರಲಿಲ್ಲ. ಅರುಣಾ ಓಮ್ನಿಯನ್ನು ಬಯಲಿನ ನಡುವೆ ನಿಲ್ಲಿಸಿದಳು. ಅತ್ತೆ ಮಾವ ಡಬ್ಬಿ ಸಮೇತ ಇಳಿದು ಬೇವಿನ ಕಟ್ಟೆಗೆ ಹೋದರು. ನಿಂಗರಾಜ ಸ್ಟೇರಿಂಗಿನ ಮುಂದೆ ಕೂತು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅವನ ಕುತ್ತಿಗೆಯ ಮೇಲೆ ಬೆವರು ಮೂಡಿತ್ತು. ಅರುಣಾ ಸುತ್ತಿಕೊಂಡು ಬಂದು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ಅವಸರ ಇಲ್ಲ," ಎಂದಳು. "ಮೊದಲು ಸೀಟು ಹಿಂದಕ್ಕೆ ಸರಿಸ್ಕಳ್ರಿ."